ಇಬ್ಬರ ನಡುವೆ ಶಾಂತಿ ತರುವ ಮಾತು

ಮಾತು ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ಮಹಾ ಅನುಗ್ರಹವಾಗಿದೆ. ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯದ ಆರಂಭದಲ್ಲಿ ಮನುಷ್ಯನ ಸೃಷ್ಟಿಯನ್ನು ಪ್ರಸ್ತಾಪಿಸಿದ ಬೆನ್ನಿಗೇ ಅವನಿಗೆ ಮಾತು ಕಲಿಸಿದ ವಿಷಯ ಬರುತ್ತದೆ. ಸೂರ್ಯ ಚಂದ್ರರ, ಹಣ್ಣು ಧಾನ್ಯಗಳ ಪ್ರಸ್ತಾಪ ಬರುವುದು ಅದರ ನಂತರ. ನಾಲಗೆಯ ಕೆಡುಕುಗಳ ಕುರಿತು, ಅಂದರೆ ಪರನಿಂದೆ, ಚಾಡಿ, ಸುಳ್ಳು ಇವುಗಳ ಕುರಿತು ಜುಮಾ ಖುತ್ಬಾಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಅದೇ ನಾಲಗೆಯಿಂದ ಆಗಬಹುದಾದ ಒಂದು ದೊಡ್ಡ ಪುಣ್ಯಕಾರ್ಯದ ಬಗ್ಗೆ ಮಾತ್ರ ನಾವು ಕೇಳುವುದು ಕಡಿಮೆ. ಅದು ಮುನಿಸಿಕೊಂಡ ಇಬ್ಬರ ನಡುವೆ ಶಾಂತಿ ಮಾಡಿಸುವ ಕೆಲಸ. ಇದು ಐಚ್ಛಿಕ ಉಪವಾಸ, ನಮಾಝ್ ಮತ್ತು ದಾನಗಳಿಗಿಂತಲೂ ಶ್ರೇಷ್ಠವಾದ ಕರ್ಮವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ಹ. ಅಬೂದರ್ದಾ(ರ) ವರದಿ ಮಾಡಿದ್ದಾರೆ. ಪರಸ್ಪರ ಸಂಬಂಧ ಕೆಡಿಸುವುದನ್ನು ಅದೇ ಹದೀಸಿನಲ್ಲಿ ಕ್ಷೌರದ ಕತ್ತಿಗೆ ಹೋಲಿಸಲಾಗಿದೆ. ಆ ಕತ್ತಿ ಬೋಳಿಸುವುದು ಕೂದಲನ್ನಲ್ಲ, ಧರ್ಮವನ್ನು.

ಈ ವಿಷಯವನ್ನು ಕೋಲಾರದ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಯ ಹಿನ್ನೆಲೆಯಲ್ಲಿ ನೋಡುವುದಕ್ಕೆ ಕಾರಣವಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿಗೆ ಬಂದ ಮೇಲೆ ಒಂದು ಬರಡು ಭೂಮಿಯ ಮೇಲೆ ಊರೇ ಎದ್ದು ನಿಂತಿತು. ತಮಿಳು ನಾಡಿನಿಂದ, ಆಂಧ್ರದ ಕಡೆಯಿಂದ ಕಾರ್ಮಿಕರು ಬಂದರು. ಇಂಗ್ಲೆಂಡಿನಿಂದ ಗಣಿ ತಜ್ಞರು, ಅವರ ಜೊತೆಗೆ ಆಂಗ್ಲೋ ಇಂಡಿಯನ್ನರು ಬಂದರು. ಕನ್ನಡ, ತಮಿಳು, ತೆಲುಗು, ಉರ್ದು ಈ ನಾಲ್ಕೂ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಸುವ ಊರು ಇದು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಬಂಗಾರಪೇಟೆಯನ್ನೂ ಹಿಂದೆ ಮೈಸೂರಿನ ಕಮಿಷನರ್ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂದೇ ಕರೆಯುತ್ತಿದ್ದರು. ಅದೇ ತಾಲ್ಲೂಕಿನ ಬೂದಿಕೋಟೆ ಹೈದರ್ ಅಲಿಯ ಹುಟ್ಟೂರು. ಈ ಸೀಮೆಯಲ್ಲಿ ಮಸೀದಿ, ದೇವಸ್ಥಾನ ಮತ್ತು ಚರ್ಚುಗಳು ಕೂಗಳತೆಯ ದೂರದಲ್ಲಿವೆ. ಕಾರ್ಮಿಕರ ಲೈನ್ ಮನೆಗಳಲ್ಲಂತೂ ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆ. ಮುಸ್ಲಿಮ್ ಮನೆಯ ಪಕ್ಕದ ಬಾಗಿಲು ಕ್ರೈಸ್ತರದ್ದಾಗಿರುವುದು ಇಲ್ಲಿ ಸಾಮಾನ್ಯ ಸಂಗತಿ. ಹೀಗೆ ಗೋಡೆಗೆ ಗೋಡೆ ತಾಗಿ ಬದುಕುವವರಿಗೆ ಶಾಂತಿಯ ಮಾತು ಬರೀ ಪ್ರವಚನದ ವಿಷಯವಾಗಿ ಉಳಿಯುವುದಿಲ್ಲ. ನಲ್ಲಿಯ ಮುಂದೆ, ಚರಂಡಿಯ ಮುಂದೆ, ಮಕ್ಕಳ ಜಗಳದ ಮುಂದೆ ಅದು ದಿನವೂ ಬೇಕಾಗುತ್ತದೆ.

ನಜ್ಜಾಶಿಯ ದರ್ಬಾರು

ಇಸ್ಲಾಮೀ ಚರಿತ್ರೆಯಲ್ಲಿ ಶಾಂತಿಯ ಮಾತಿನ ಅತ್ಯುತ್ತಮ ಪಾಠಗಳಲ್ಲೊಂದು ಒಬ್ಬ ಕ್ರೈಸ್ತ ದೊರೆಯ ದರ್ಬಾರಿನಲ್ಲಿ ನಡೆಯಿತು. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆಯನ್ನು ತಾಳಲಾರದೆ ಮುಸ್ಲಿಮರ ಒಂದು ತಂಡ ಪ್ರವಾದಿವರ್ಯರ(ಸ) ಸಲಹೆಯಂತೆ ಕೆಂಪು ಸಮುದ್ರ ದಾಟಿ ಹಬಶ ದೇಶಕ್ಕೆ, ಅಂದರೆ ಈಗಿನ ಇಥಿಯೋಪಿಯಾದ ಕಡೆಗೆ ವಲಸೆ ಹೋಯಿತು. ಅಲ್ಲಿಯ ದೊರೆ ನಜ್ಜಾಶಿಯ ರಾಜ್ಯದಲ್ಲಿ ಯಾರ ಮೇಲೂ ಅನ್ಯಾಯ ನಡೆಯುವುದಿಲ್ಲ ಎಂಬ ಭರವಸೆ ಪ್ರವಾದಿವರ್ಯರಿಗಿತ್ತು(ಸ). ಆಗ ಆತ ಕ್ರೈಸ್ತ ದೊರೆ. ಸುತ್ತ ಬಿಷಪರನ್ನು ಕೂರಿಸಿಕೊಂಡು ರಾಜ್ಯ ನಡೆಸುತ್ತಿದ್ದವನು. ಆತ ಮುಂದೆ ವಿಶ್ವಾಸ ಸ್ವೀಕರಿಸಿದ ವಿಚಾರ ಬೇರೆ. ತೀರ್ಪು ಕೊಟ್ಟ ದಿನ ಅವನು ನ್ಯಾಯವಂತನಾದ ಒಬ್ಬ ಕ್ರೈಸ್ತನಾಗಿಯೇ ಕುಳಿತಿದ್ದನೆಂಬುದನ್ನು ನಾವು ಮರೆಯಬಾರದು.

ವಲಸಿಗರನ್ನು ಹಿಂದಕ್ಕೆ ಕರೆತರಲು ಕುರೈಶರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಆರನ್ನು ಕಳುಹಿಸಿದರು. ಅವರು ಖಾಲಿ ಕೈಯಲ್ಲಿ ಹೋಗಲಿಲ್ಲ. ಮಕ್ಕಾದ ಉತ್ತಮ ಚರ್ಮದ ವಸ್ತುಗಳನ್ನು ಉಡುಗೊರೆಯಾಗಿ ಕೊಂಡೊಯ್ದರು. ದೊರೆಯನ್ನು ಕಾಣುವ ಮೊದಲೇ ಒಬ್ಬೊಬ್ಬ ಬಿಷಪರಿಗೂ ಉಡುಗೊರೆ ತಲುಪಿಸಿದರು. ಅವರ ಬೇಡಿಕೆ ಒಂದೇ ಆಗಿತ್ತು. ಈ ವಲಸಿಗರೊಂದಿಗೆ ಮಾತನಾಡದೆಯೇ ಅವರನ್ನು ಒಪ್ಪಿಸಿಬಿಡುವಂತೆ ದೊರೆಗೆ ಸಲಹೆ ಕೊಡಿ ಎಂಬುದು. ಓದುಗರು ಇದನ್ನು ಗಮನಿಸಬೇಕು. ಅವರು ಹೆದರಿದ್ದು ಮುಸ್ಲಿಮರ ಸಂಖ್ಯೆಗಾಗಲೀ ಶಕ್ತಿಗಾಗಲೀ ಅಲ್ಲ. ಪುರುಷರೇ 80ರ ಆಸುಪಾಸು, ಜೊತೆಗೆ ಕೆಲವು ಸ್ತ್ರೀಯರು, ಅಷ್ಟೇ ಅವರಿದ್ದದ್ದು. ಅವರು ಹೆದರಿದ್ದು ಎರಡನೆಯ ಪಕ್ಷದ ಮಾತು ದೊರೆಯ ಕಿವಿಗೆ ಬೀಳುವುದಕ್ಕೆ.

ಬಿಷಪರು ಹೇಳಿಕೊಟ್ಟಂತೆಯೇ ಹೇಳಿದರು. ನಜ್ಜಾಶಿ ಒಪ್ಪಲಿಲ್ಲ. ತನ್ನ ಆಶ್ರಯವನ್ನು ಆಯ್ದುಕೊಂಡು ಬಂದವರನ್ನು ವಿಚಾರಿಸದೆ ಒಪ್ಪಿಸಲಾರೆನೆಂದು ಹೇಳಿ ಅವರನ್ನು ಕರೆಸಿದನು. ಈ ಘಟನೆಯನ್ನು ನಮಗೆ ತಲುಪಿಸಿದವರು ಅಂದು ಆ ವಲಸಿಗರಲ್ಲಿ ಒಬ್ಬರಾಗಿದ್ದ ಹ. ಉಮ್ಮು ಸಲಮಾ(ರ). ಈ ಮಹಿಳೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಅವರ ಪ್ರಸ್ತಾಪ ಬರಲಿದೆ.

ಮುಸ್ಲಿಮರ ಪರವಾಗಿ ಹ. ಜಅಫರ್ ಬಿನ್ ಅಬೀತಾಲಿಬ್(ರ) ಮಾತನಾಡಿದರು. ಅವರಿಗೆ ಕುರೈಶರ ಮೇಲೆ ಹೇಳುವುದಕ್ಕೆ ಸಾಕಷ್ಟಿತ್ತು. ಹೊಡೆತ, ಬಹಿಷ್ಕಾರ, ಬಿಸಿಲ ಮರಳಿನ ಮೇಲೆ ಮಲಗಿಸಿದ ಚಿತ್ರಹಿಂಸೆ ಯಾವುದೂ ಕಡಿಮೆಯಾಗಿರಲಿಲ್ಲ. ಆದರೆ ಅವರು ಅಲ್ಲಿಂದ ಆರಂಭಿಸಲಿಲ್ಲ. ತಮ್ಮದೇ ಹಿಂದಿನ ಬದುಕಿನಿಂದ ಆರಂಭಿಸಿದರು. ತಾವು ವಿಗ್ರಹಗಳನ್ನು ಪೂಜಿಸುತ್ತಿದ್ದುದನ್ನು, ಸತ್ತ ಪ್ರಾಣಿಯನ್ನು ತಿನ್ನುತ್ತಿದ್ದುದನ್ನು, ನೆರೆಯವರಿಗೆ ಕೇಡು ಮಾಡುತ್ತಿದ್ದುದನ್ನು, ಬಲಶಾಲಿಯು ದುರ್ಬಲನನ್ನು ನುಂಗುತ್ತಿದ್ದುದನ್ನು ಒಪ್ಪಿಕೊಂಡರು. ಬಳಿಕ ತಮ್ಮ ನಡುವೆಯೇ ಹುಟ್ಟಿ ಬೆಳೆದ, ಸತ್ಯಸಂಧತೆಯನ್ನು ಎಲ್ಲರೂ ಬಲ್ಲ ಒಬ್ಬರು ಬಂದು ಏನನ್ನು ಕಲಿಸಿದರೆಂಬುದನ್ನು ಹೇಳಿದರು. ಹಿಂಸೆಯ ವಿಷಯ ಬಂದದ್ದು ಅದರ ನಂತರ, ಅದೂ ಕೆಲವೇ ಮಾತುಗಳಲ್ಲಿ. ಕೊನೆಯಲ್ಲಿ, ಬೇರೆಲ್ಲ ದೊರೆಗಳನ್ನು ಬಿಟ್ಟು ತಾವು ಇವನ ನೆರೆಯನ್ನೇ ಆಯ್ದುಕೊಂಡೆವು, ಇಲ್ಲಿ ಅನ್ಯಾಯವಾಗದೆಂಬ ನಿರೀಕ್ಷೆ ತಮಗಿದೆ ಎಂದರು. ದೊರೆ ಕೇಳಿದಾಗ ಮರ್ಯಮ್ ಅಧ್ಯಾಯದ ಮೊದಲ ಭಾಗವನ್ನು ಓದಿದರು. ಯಾವ ಭಾಗವನ್ನು ಓದಬೇಕೆಂಬ ಆಯ್ಕೆಯಲ್ಲೂ ವಿವೇಕವಿತ್ತು. ಝಕರಿಯ್ಯಾ(ಅ), ಯಹ್ಯಾ(ಅ), ಮರ್ಯಮ್(ಅ) ಮತ್ತು ಈಸಾ(ಅ) ಇವರೆಲ್ಲ ಆ ಸಭೆಯಲ್ಲಿದ್ದವರಿಗೆ ಪರಿಚಿತರೂ ಪ್ರಿಯರೂ ಆಗಿದ್ದರು. ನಜ್ಜಾಶಿಯ ಗಡ್ಡ ಕಣ್ಣೀರಿನಿಂದ ತೊಯ್ದಿತು, ಬಿಷಪರೂ ಅತ್ತರು.

ಇಲ್ಲಿಗೆ ಕಥೆ ಮುಗಿಯುವುದೆಂದು ನಾವು ಸಾಮಾನ್ಯವಾಗಿ ಹೇಳಿ ನಿಲ್ಲಿಸುತ್ತೇವೆ. ನಿಜವಾದ ಕಷ್ಟ ಬಂದದ್ದು ಮರುದಿನ. ಅಮ್ರ್ ಬಿನ್ ಆಸ್ ಚತುರ. ಇವರು ಈಸಾರ(ಅ) ಬಗ್ಗೆ ಭಾರೀ ಮಾತೊಂದನ್ನು ಆಡುತ್ತಾರೆಂದು ದೊರೆಗೆ ದೂರಿತ್ತನು. ಇಬ್ಬರ ನಡುವೆ ನಿಜವಾಗಿಯೂ ಭಿನ್ನಾಭಿಪ್ರಾಯವಿರುವ ಜಾಗವನ್ನು ಹುಡುಕಿ ಅಲ್ಲಿಗೇ ಕೈ ಹಾಕುವುದು ಜಗಳ ಹಚ್ಚುವವರ ಹಳೆಯ ವಿದ್ಯೆ. ವಲಸಿಗರಿಗೆ ಅಷ್ಟು ಚಿಂತೆಯ ಗಳಿಗೆ ಬೇರೊಂದಿರಲಿಲ್ಲವೆಂದು ಉಮ್ಮು ಸಲಮಾ(ರ) ನೆನೆದಿದ್ದಾರೆ. ದೊರೆಯನ್ನು ಮೆಚ್ಚಿಸಲು ಅವನಿಗೆ ಹಿತವಾದದ್ದನ್ನು ಹೇಳಿಬಿಡುವುದು ಸುಲಭವಿತ್ತು. ಸೆಟೆದು ನಿಂತು ಕ್ರೈಸ್ತರ ನಂಬಿಕೆಯನ್ನು ಖಂಡಿಸುವುದೂ ಸುಲಭವಿತ್ತು. ಅವರು ಎರಡನ್ನೂ ಮಾಡಲಿಲ್ಲ. ಏನಾದರಾಗಲಿ, ಅಲ್ಲಾಹನು ತಿಳಿಸಿದ್ದನ್ನೇ ಹೇಳುವುದೆಂದು ತಮ್ಮೊಳಗೆ ಸಮಾಲೋಚಿಸಿ ನಿರ್ಧರಿಸಿದರು. ಜಅಫರ್(ರ) ಹೇಳಿದ್ದು ಇಷ್ಟು: ಈಸಾ(ಅ) ಅಲ್ಲಾಹನ ದಾಸರು, ಅವನ ಸಂದೇಶವಾಹಕರು, ಕನ್ಯೆಯಾದ ಮರ್ಯಮರಿಗೆ(ಅ) ಅವನು ದಯಪಾಲಿಸಿದ ವಚನ ಮತ್ತು ಆತ್ಮ. ವಿಶ್ವಾಸದ ಒಂದಕ್ಷರವನ್ನೂ ಅವರು ಬಿಟ್ಟುಕೊಡಲಿಲ್ಲ, ಕೇಳುವವರ ಗೌರವಕ್ಕೆ ತಗಲುವ ಒಂದಕ್ಷರವನ್ನೂ ಸೇರಿಸಲಿಲ್ಲ. ನಜ್ಜಾಶಿ ನೆಲದಿಂದ ಒಂದು ಕಡ್ಡಿಯನ್ನೆತ್ತಿಕೊಂಡು, ನಿಜಕ್ಕೂ ಇದಕ್ಕೂ ಈ ಕಡ್ಡಿಯಷ್ಟೂ ಅಂತರವಿಲ್ಲವೆಂಬರ್ಥದಲ್ಲಿ ಮಾತನಾಡಿದನು. ಬಿಷಪರು ಅಸಮಾಧಾನದಿಂದ ಗೊಣಗಿದರು. ಆತ ಅವರ ಮೇಲೆ ಸಿಡಿಯದೆ, ತನ್ನ ತೀರ್ಮಾನವನ್ನೂ ಬದಲಿಸದೆ ಮುಂದುವರಿದನು. ಚಿನ್ನದ ಬೆಟ್ಟವನ್ನೇ ಕೊಟ್ಟರೂ ಇವರಲ್ಲೊಬ್ಬರಿಗೆ ನೋವುಂಟು ಮಾಡಲು ತಾನು ಬಯಸೆನೆಂದು ಹೇಳಿ ಕುರೈಶರ ಉಡುಗೊರೆಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದನು.

ಚಿನ್ನದ ಮೇಲೆಯೇ ಕಟ್ಟಿದ ಊರಿನವರಿಗೆ ಈ ಮಾತಿನ ತೂಕ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾದೀತು.

ಈ ಪ್ರಸಂಗದಲ್ಲಿ ಶಾಂತಿಯ ಮಾತಾಡಿದವರು ಇಬ್ಬರು. ಒಬ್ಬರು ಮುಸ್ಲಿಮ್, ಇನ್ನೊಬ್ಬನು ಕ್ರೈಸ್ತ. ಜಅಫರರ(ರ) ಭಾಷಣವನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ನಜ್ಜಾಶಿಯ ಪಾತ್ರದ ಬಗ್ಗೆ ನಾವು ಅಷ್ಟು ಯೋಚಿಸುವುದಿಲ್ಲ. ಅವನು ಹೆಚ್ಚು ಮಾತನಾಡಲಿಲ್ಲ. ಪ್ರಶ್ನೆ ಕೇಳಿದನು, ಕಿವಿಗೊಟ್ಟನು, ಆಮೇಲೆ ಹೇಳಿದನು. ಹ. ಅಲಿಯವರನ್ನು(ರ) ಯಮನಿಗೆ ಕಳುಹಿಸುವಾಗ ಪ್ರವಾದಿವರ್ಯರು(ಸ) ಕೊಟ್ಟ ಉಪದೇಶವೂ ಇದೇ ಆಗಿತ್ತು. ಇಬ್ಬರು ನ್ಯಾಯಕ್ಕೆ ಬಂದಾಗ ಎರಡನೆಯವನ ಮಾತನ್ನೂ ಕೇಳುವ ತನಕ ಮೊದಲನೆಯವನ ಪರ ತೀರ್ಪು ಕೊಡಕೂಡದು. ನಮ್ಮ ಮೊಹಲ್ಲಾದ ಎಷ್ಟು ಪಂಚಾಯ್ತಿಗಳಲ್ಲಿ ಇದು ಪಾಲನೆಯಾಗುತ್ತದೆ? ಮೊದಲು ಓಡಿ ಬಂದು ಅತ್ತವನ ಮಾತೇ ನಿಜವಾಗುತ್ತದೆ.

ನೆರೆಯವರ ಗ್ರಂಥದಲ್ಲಿ

ನೆರೆಯ ಕ್ರೈಸ್ತರು ಈ ವಿಷಯದಲ್ಲಿ ಏನನ್ನು ಓದುತ್ತಾರೆ ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು. ನಂಬಿಕೆಯ ಮೂಲವಿಷಯಗಳಲ್ಲಿ ನಮಗೂ ಅವರಿಗೂ ಇರುವ ಅಂತರ ಎಲ್ಲರಿಗೂ ಗೊತ್ತು, ಅದನ್ನಿಲ್ಲಿ ಎತ್ತಿಕೊಳ್ಳುವುದಿಲ್ಲ. ಮತ್ತಾಯನ ಸುವಾರ್ತೆಯಲ್ಲಿರುವ ಪರ್ವತ ಪ್ರಸಂಗದಲ್ಲಿ ಶಾಂತಿ ಮಾಡಿಸುವವರನ್ನು ಧನ್ಯರೆಂದು ಕರೆಯಲಾಗಿದೆ. ಶಾಂತಿಯನ್ನು ಬಯಸುವವರೆಂದಲ್ಲ, ಮಾಡಿಸುವವರೆಂದು. ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಬಹಳ ವ್ಯಾವಹಾರಿಕವಾದ ಕ್ರಮವೊಂದಿದೆ. ಸಹೋದರನೊಬ್ಬ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ, ಅವನೊಬ್ಬನೇ ಇರುವಾಗ ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಸಭೆಯ ಮುಂದೆ ಇಡುವುದು ಆ ನಂತರದ ಮಾತು. ನಾವು ಮಾಡುವುದು ಇದರ ತಲೆಕೆಳಗು. ಮೊದಲು ಬೀದಿಗೆಲ್ಲ ಹೇಳುತ್ತೇವೆ, ಆಮೇಲೆ ಮಸೀದಿಯ ಕಮಿಟಿಗೆ, ಕೊನೆಗೆ ತಪ್ಪು ಮಾಡಿದವನಿಗೆ. ಈಗಂತೂ ಮೊಬೈಲಿನ ಗುಂಪಿನಲ್ಲಿ ಹಾಕಿಬಿಟ್ಟರೆ ಬೀದಿ ಸುತ್ತುವ ಶ್ರಮವೂ ಉಳಿಯುತ್ತದೆ.

ಸುಲೈಮಾನರ(ಅ) ಹೆಸರಿನೊಂದಿಗೆ ಬೈಬಲ್ಲಿನಲ್ಲಿರುವ ಜ್ಞಾನೋಕ್ತಿಗಳಲ್ಲಿ ಮೃದುವಾದ ಉತ್ತರವು ಸಿಟ್ಟನ್ನು ಆರಿಸುತ್ತದೆಂಬ ಬೋಧನೆಯಿದೆ. ಮೊದಲು ವಾದ ಮಂಡಿಸಿದವನು ಸರಿಯೆಂದೇ ಕಾಣುತ್ತಾನೆ, ಎದುರುಗಾರ ಬಂದು ವಿಚಾರಿಸುವ ತನಕ ಎಂಬ ಎಚ್ಚರಿಕೆಯೂ ಇದೆ. ಹ. ಅಲಿಯವರಿಗೆ(ರ) ಸಿಕ್ಕಿದ ಉಪದೇಶಕ್ಕೆ ಇದು ಎಷ್ಟು ಹತ್ತಿರವಿದೆ! ಯಾಕೋಬನ ಪತ್ರಿಕೆಯು ನಾಲಗೆಯನ್ನು ದೊಡ್ಡ ಕಾಡನ್ನು ಸುಡುವ ಸಣ್ಣ ಕಿಡಿಗೆ ಹೋಲಿಸುತ್ತದೆ. ಕೇಳುವುದಕ್ಕೆ ಆತುರ, ಮಾತಿಗೂ ಕೋಪಕ್ಕೂ ನಿಧಾನ ಇರಬೇಕೆಂದು ಬೋಧಿಸುತ್ತದೆ. ಇನ್ನು ಕುರ್‌ಆನ್ ಅಲ್ಮಾಇದಃ ಅಧ್ಯಾಯದಲ್ಲಿ, ವಿಶ್ವಾಸಿಗಳೊಂದಿಗೆ ಸ್ನೇಹದಲ್ಲಿ ಹೆಚ್ಚು ಸಮೀಪದವರು ಕ್ರೈಸ್ತರೆಂದು ಹೇಳಿ, ಅವರಲ್ಲಿ ವಿದ್ವಾಂಸರೂ ಸನ್ಯಾಸಿಗಳೂ ಇರುವುದನ್ನು, ಅವರು ಅಹಂಕಾರ ಪಡದಿರುವುದನ್ನು ಕಾರಣವಾಗಿ ಕೊಡುತ್ತದೆ. ಗ್ರಂಥದವರೊಂದಿಗೆ ಉತ್ತಮ ರೀತಿಯಲ್ಲಲ್ಲದೆ ವಾದಿಸಬಾರದೆಂಬ ಆಜ್ಞೆ ಅಲ್‌ಅನ್ಕಬೂತ್ ಅಧ್ಯಾಯದಲ್ಲಿದೆ. ನಮ್ಮಲ್ಲಿ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯ ಹೆಸರನ್ನು ಕೇಳದ ಕುಟುಂಬ ಕಡಿಮೆ. ಮೆಥೋಡಿಸ್ಟ್ ಮಿಶನ್ ಕಟ್ಟಿದ ಆಸ್ಪತ್ರೆ ಅದು. ಪರಿಚಯ ಹೀಗೆ ತಲೆಮಾರುಗಳಿಂದ ಬಂದಿರುವಾಗ ಮಾತಿನಲ್ಲಿ ಒರಟುತನಕ್ಕೆ ನೆಪ ಹುಡುಕುವುದು ಕಷ್ಟ.

ಗಣಿಯ ಪಾಠ

ಮಾತು ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಣಿಯ ಚರಿತ್ರೆಯಲ್ಲೇ ಉದಾಹರಣೆ ಇದೆ. 1930ರ ಏಪ್ರಿಲ್‌ನಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಪದ್ಧತಿಯನ್ನು ಜಾರಿಗೆ ತರಲು ಗಣಿ ಕಂಪೆನಿಗಳು ಹೊರಟವು. ಬೆರಳಚ್ಚು ಕಳ್ಳರಿಂದ ತೆಗೆದುಕೊಳ್ಳುವಂಥದ್ದು ಎಂಬ ಅವಮಾನ ಒಂದೆಡೆ, ಒಂದು ಗಣಿಯಿಂದ ಹೊರಹಾಕಿದರೆ ಇನ್ನೊಂದರಲ್ಲೂ ಕೆಲಸ ಸಿಗದೆಂಬ ಭಯ ಇನ್ನೊಂದೆಡೆ. ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ವಾರಗಟ್ಟಲೆ ಗಣಿಗಳು ಸ್ತಬ್ಧವಾದವು. ಆಗ ಅವರ ಪರವಾಗಿ ಕುಳಿತು ಮಾತನಾಡಲು ಒಂದು ಯೂನಿಯನ್ ಕೂಡಾ ಇರಲಿಲ್ಲ. ಮೇಲಿನಿಂದ ಆದೇಶ ಇಳಿಯುತ್ತಿತ್ತು, ಕೆಳಗಿನಿಂದ ಮಾತು ಮೇಲೇರುವ ದಾರಿ ಇರಲಿಲ್ಲ. ಈ ಘಟನೆಯಲ್ಲಿ ಕಾರ್ಮಿಕರನ್ನು ಶಾಂತಿಭಂಗ ಮಾಡಿದವರೆಂದು ದೂರುವುದು ನ್ಯಾಯವಲ್ಲ. ಮನುಷ್ಯನ ಗೌರವಕ್ಕೆ ತಗಲುವ ವಿಷಯವನ್ನು ಅವನೊಡನೆ ಮಾತನಾಡದೆ ತೀರ್ಮಾನಿಸಿದ್ದರಲ್ಲೇ ಶಾಂತಿಭಂಗ ಆರಂಭವಾಗಿತ್ತು. ಮನೆಯಲ್ಲಿ ಮಗಳ ಮದುವೆಯನ್ನು, ಮಗನ ಓದನ್ನು, ಹೆಂಡತಿಯ ತವರಿನ ವಿಷಯವನ್ನು ಒಂದು ಮಾತೂ ಕೇಳದೆ ತೀರ್ಮಾನಿಸಿ, ಆಮೇಲೆ ಮನೆಯಲ್ಲಿ ಶಾಂತಿಯಿಲ್ಲವೆಂದು ಇಮಾಮರಲ್ಲಿ ದುಆ ಕೇಳುವವರು ಇದನ್ನು ಯೋಚಿಸಬೇಕು.

ಗಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಮಕ್ಕಳು ಅವರಲ್ಲಿ ಗಂಟೆಯ ಸಂಕೇತದ ಬಗ್ಗೆ ಕೇಳಿ ನೋಡಲಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ ಇದು. ಮೇಲೆ ಯಂತ್ರ ನಡೆಸುವವನಿಗೆ ಕೆಳಗಿನ ಕೇಜು ಕಾಣಿಸುವುದಿಲ್ಲ. ಅವನಿಗೆ ಗೊತ್ತಾಗುವುದು ಗಂಟೆಯ ಹೊಡೆತಗಳಿಂದ ಮಾತ್ರ. ನಮ್ಮ ದೇಶದ ಗಣಿ ನಿಯಮಗಳ ಪ್ರಕಾರ ಕೇಜು ಚಲಿಸುತ್ತಿರುವಾಗ ಒಂದು ಹೊಡೆತವೆಂದರೆ ನಿಲ್ಲಿಸು. ಮೂರು ಹೊಡೆತವೆಂದರೆ ಹತ್ತುವವರು ಮನುಷ್ಯರು ಎಂದರ್ಥ. ಅದಿರಿನ ಕಲ್ಲಾದರೆ ಬೇರೆ ಲೆಕ್ಕ. ಮನುಷ್ಯರೆಂದು ತಿಳಿದ ಮೇಲೆ ಯಂತ್ರ ನಡೆಸುವ ಕೈ ನಿಧಾನವಾಗಬೇಕು. ಸಿಟ್ಟಿನಲ್ಲಿ ಬಾಯಿ ತೆರೆಯುವ ಮೊದಲು ನಮಗೂ ಆ ಮೂರು ಹೊಡೆತ ಕೇಳಿಸಿದರೆ ಎಷ್ಟೋ ಮನೆಗಳು ಉಳಿದಾವು.

ಕೋಪಕ್ಕೆ ಪ್ರವಾದಿವರ್ಯರು(ಸ) ಹೇಳಿದ ಚಿಕಿತ್ಸೆಯೂ ದೇಹಕ್ಕೆ ಸಂಬಂಧಿಸಿದ್ದು. ನಿಂತಿದ್ದರೆ ಕುಳಿತುಕೊಳ್ಳಬೇಕು, ಅದಕ್ಕೂ ಇಳಿಯದಿದ್ದರೆ ಮಲಗಬೇಕು, ವುಝೂ ಮಾಡಬೇಕು. ಕೋಪದಲ್ಲಿರುವಾಗ ಇಬ್ಬರ ನಡುವೆ ತೀರ್ಪು ಕೊಡಬಾರದೆಂದೂ ಅವರು ತಡೆದಿದ್ದಾರೆ. ಅಂದರೆ ಸಂಧಾನಕ್ಕೆ ಹೋಗುವವನು ಮೊದಲು ತನ್ನ ಉಸಿರನ್ನು ನೋಡಿಕೊಳ್ಳಬೇಕು.

ಬಾಗಿಲಲ್ಲಿ ನಿಂತ ನೆರೆಯವನು

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ರಮಝಾನ್ ತಿಂಗಳು. ಸಹರಿಗೆ ಎಬ್ಬಿಸಲು ರಾತ್ರಿ ಮೂರು ಗಂಟೆಗೇ ಮೈಕು ಶುರುವಾಗಿದೆ. ಪಕ್ಕದ ಮನೆಯ ಕ್ರೈಸ್ತ ಸಹೋದರ ಬೆಳಿಗ್ಗೆ ಬಾಗಿಲಿಗೆ ಬಂದು, “ಏನ್ ಭಾಯ್, ದಿನಾ ಹೀಗೆ ಮೈಕು ಹಾಕಿದರೆ ನಾವು ಮಲಗೋದು ಯಾವಾಗ? ಬೆಳಗಾಗುವ ಮೊದಲೇ ನಾನು ಬೆಂಗಳೂರಿನ ರೈಲು ಹಿಡೀಬೇಕು” ಎನ್ನುತ್ತಾನೆ. ಧ್ವನಿ ಏರಿದೆ. ಇದಕ್ಕೆ ನಮ್ಮ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುವ ಉತ್ತರ ಯಾವುದು? “ನಿಮ್ಮ ಹಬ್ಬಕ್ಕೆ ರಾತ್ರಿಯಿಡೀ ಹಾಡು ಹಾಕಿದಾಗ ನಾವು ಕೇಳಿದ್ದೀವಾ?” ಈ ಉತ್ತರ ಸುಳ್ಳಾಗಿರಲಿಕ್ಕಿಲ್ಲ. ಆದರೆ ಅದು ಅವನ ನಿದ್ದೆಯ ಪ್ರಶ್ನೆಯನ್ನು ಎರಡು ಧರ್ಮಗಳ ಪ್ರಶ್ನೆಯನ್ನಾಗಿ ಮಾಡಿಬಿಟ್ಟಿತು. ಸಂಜೆಯೊಳಗೆ ಇಪ್ಪತ್ತು ಮಂದಿ ಅದರಲ್ಲಿ ಸೇರುತ್ತಾರೆ.

ಇನ್ನೊಂದು ರೀತಿಯ ಉತ್ತರವಿದೆ. “ಒಳಗೆ ಬನ್ನಿ ಅಣ್ಣ, ಕೂತ್ಕೊಳ್ಳಿ. ನಿದ್ದೆ ಕೆಟ್ಟಿದೆ, ನೀವು ಹೇಳೋದು ನಿಜ. ಮಸೀದಿಯ ಹಿರಿಯರ ಹತ್ತಿರ ಇವತ್ತು ಅಸರ್ ಆದ ಮೇಲೆ ನಾನೇ ಮಾತಾಡ್ತೀನಿ. ಅವರು ಏನಂತಾರೋ ರಾತ್ರಿ ಬಂದು ಹೇಳ್ತೀನಿ.” ಇಲ್ಲಿ ಅವನು ಮೈಕು ನಿಲ್ಲಿಸುತ್ತೇನೆಂದು ಮಾತು ಕೊಡಲಿಲ್ಲ, ಅದು ಅವನ ಕೈಯಲ್ಲಿಲ್ಲ. ಮಾತಾಡುತ್ತೇನೆಂದ, ಅದು ಅವನ ಕೈಯಲ್ಲಿದೆ. ರಾತ್ರಿ ಬಂದು ಹೇಳುತ್ತೇನೆಂದ, ಹೇಳಲೇಬೇಕು. ಬಂದು ಹೇಳದಿದ್ದರೆ ಈ ಮೃದು ಮಾತು ಜಗಳಕ್ಕಿಂತ ಕೆಟ್ಟದ್ದು. ನೆರೆಯವನು ಕೇಳಿದ್ದರಲ್ಲಿ ತಪ್ಪೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಮನೆಮನೆಯಲ್ಲೂ ಮೊಬೈಲಿನ ಅಲಾರಾಂ ಇರುವ ಕಾಲದಲ್ಲಿ ಸಹರಿಗೆ ಮೈಕಿನ ಅಗತ್ಯವೇನೆಂದು ನಮ್ಮವರೇ ಕೇಳಿಕೊಳ್ಳಬೇಕಾಗಿದೆ.

ಆದರೆ ಅವನು ಮಸೀದಿಗೆ ಹೋಗಿ ಏನೆಂದು ಹೇಳಬೇಕು? ನೆರೆಯವನು ಸಿಟ್ಟಿನಲ್ಲಿ ನಾಲ್ಕು ಮಾತು ಹೆಚ್ಚಾಗಿಯೇ ಆಡಿರಬಹುದು. ಅವನ್ನೆಲ್ಲ ಹೊತ್ತು ತಂದು ಸುರಿಯುವವನು ಸಂಧಾನಕಾರನಲ್ಲ, ಅಂಚೆಯವನು. ಜನರ ನಡುವೆ ಸಂಧಾನ ಮಾಡಲು ಒಳ್ಳೆಯ ಮಾತನ್ನು ತಲುಪಿಸುವವನು ಸುಳ್ಳುಗಾರನಲ್ಲವೆಂಬ ಪ್ರವಾದಿ ವಚನವನ್ನು ಹ. ಉಮ್ಮು ಕುಲ್ಸೂಮ್ ಬಿಂತ್ ಉಕ್ಬಾ(ರ) ವರದಿ ಮಾಡಿದ್ದಾರೆ. ಅವನ ತೊಂದರೆಯನ್ನು ಪೂರ್ತಿಯಾಗಿ ಹೇಳಬೇಕು, ಅವನ ಬೈಗುಳನ್ನು ಬಾಗಿಲಲ್ಲೇ ಬಿಟ್ಟು ಬರಬೇಕು.

ಬಿಟ್ಟುಕೊಡುವವರು ಯಾರು?

ಸಂಧಾನದಲ್ಲಿ ಯಾರಾದರೊಬ್ಬರು ಏನಾದರೂ ಬಿಟ್ಟುಕೊಡಬೇಕಾಗುತ್ತದೆ. ಹಿಜರಿ 6ರಲ್ಲಿ ಹುದೈಬಿಯಾದ ಒಪ್ಪಂದ ಬರೆಯುವಾಗ ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಒಂದೊಂದು ಶಬ್ದಕ್ಕೂ ತಕರಾರು ತೆಗೆದನು. ಅಲ್ಲಾಹನ ಸಂದೇಶವಾಹಕ ಎಂಬ ಪದವನ್ನು ತಾವು ಒಪ್ಪಿದ್ದರೆ ಜಗಳವೇ ಇರುತ್ತಿರಲಿಲ್ಲವೆಂದನು. ಬರೆಯುತ್ತಿದ್ದ ಅಲಿಯವರಿಗೆ(ರ) ಆ ಪದವನ್ನು ಅಳಿಸಲು ಕೈ ಬರಲಿಲ್ಲ. ಪ್ರವಾದಿವರ್ಯರು(ಸ) ಅದೆಲ್ಲಿದೆಯೆಂದು ತೋರಿಸಲು ಹೇಳಿ ಸ್ವತಃ ಅಳಿಸಿದರು. ಕಾಗದದಿಂದ ಅಳಿಸಿದರೆ ಪ್ರವಾದಿತ್ವ ಅಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನಮಗೆ ಮಾತ್ರ ಮದುವೆ ಕಾರ್ಡಿನಲ್ಲಿ ಹೆಸರು ಕೆಳಗೆ ಬಂದರೆ ಹತ್ತು ವರ್ಷದ ಮುನಿಸು!

ಒಪ್ಪಂದದ ಬಳಿಕ ಸಹಾಬಿಗಳು ದುಃಖದಿಂದ ಕುಗ್ಗಿಹೋಗಿದ್ದರು. ಬಲಿಪ್ರಾಣಿಗಳನ್ನು ಕೊಯ್ದು ತಲೆ ಬೋಳಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದಾಗ ಯಾರೂ ಏಳಲಿಲ್ಲ. ಆಗ ಡೇರೆಯೊಳಗೆ ಅವರಿಗೆ ಸಲಹೆ ಕೊಟ್ಟವರು ಪತ್ನಿ ಉಮ್ಮು ಸಲಮಾ(ರ), ನಜ್ಜಾಶಿಯ ದರ್ಬಾರನ್ನು ಕಂಡಿದ್ದ ಅದೇ ಮಹಿಳೆ. ಯಾರಿಗೂ ಒಂದು ಮಾತೂ ಹೇಳದೆ ಹೊರಗೆ ಹೋಗಿ ತಮ್ಮ ಒಂಟೆಯನ್ನು ತಾವೇ ಕೊಯ್ದು, ತಮ್ಮ ತಲೆಯನ್ನು ಬೋಳಿಸಿಕೊಳ್ಳುವಂತೆ ಅವರು ಸೂಚಿಸಿದರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ನೋಡುತ್ತಿದ್ದಂತೆ ಎಲ್ಲರೂ ಎದ್ದರು. ವಿವೇಕದ ಮಾತೆಂದರೆ ಕೆಲವೊಮ್ಮೆ ಈಗ ಮಾತು ಬೇಡವೆಂದು ತಿಳಿಸುವ ಮಾತು. ನಮ್ಮ ಮನೆಗಳಲ್ಲಿ ಇದನ್ನು ಬಲ್ಲ ಅಜ್ಜಿಯರು, ಖಾಲಾಗಳು ಇನ್ನೂ ಇದ್ದಾರೆ. ಸಂಧಾನದ ಸಭೆಗಳಲ್ಲಿ ಅವರಿಗೆ ಜಾಗವಿಲ್ಲದಿರುವುದು ನಮ್ಮದೇ ನಷ್ಟ.

ಆದರೆ ಒಂದು ಎಚ್ಚರಿಕೆ. ಶಾಂತಿಯ ಹೆಸರಿನಲ್ಲಿ ಹೊಡೆತ ತಿಂದವಳಿಗೆ ಸುಮ್ಮನಿರು ಎನ್ನುವುದು, ಆಸ್ತಿ ಕಳೆದುಕೊಂಡವನಿಗೆ ಮರೆತುಬಿಡು ಎನ್ನುವುದು ಇಸ್ಲಾಮ್ ಹೇಳಿದ ಸಂಧಾನವಲ್ಲ. ಅಲ್‌ಹುಜುರಾತ್ ಅಧ್ಯಾಯದಲ್ಲಿ ಸಂಧಾನ ಮಾಡಿಸುವ ಆಜ್ಞೆಯ ಜೊತೆಗೇ ನ್ಯಾಯದ ಆಜ್ಞೆಯಿದೆ. ಗಂಡ ಹೆಂಡಿರ ನಡುವೆ ಒಡಕು ಬಂದಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಅನ್ನಿಸಾ ಅಧ್ಯಾಯ ಹೇಳುತ್ತದೆ, ಗಂಡನ ಕಡೆಯ ನಾಲ್ವರನ್ನಲ್ಲ. ನಜ್ಜಾಶಿ ಉಡುಗೊರೆಯನ್ನು ಇಟ್ಟುಕೊಂಡು ಎರಡೂ ಕಡೆಯವರಿಗೆ ಬುದ್ಧಿ ಹೇಳಿ ಕಳುಹಿಸಿದ್ದರೆ ದರ್ಬಾರು ಶಾಂತವಾಗಿಯೇ ಮುಗಿಯುತ್ತಿತ್ತು, ವಲಸಿಗರು ಮಾತ್ರ ಸರಪಳಿಯಲ್ಲಿ ಮಕ್ಕಾಕ್ಕೆ ಮರಳುತ್ತಿದ್ದರು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಈ ಊರಿನ ಬದುಕಿನ ಗತಿ ಬದಲಾಗಿದೆ. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಸಾವಿರಾರು ಮಂದಿ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಅದೇ ಬೋಗಿಯಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಎಲ್ಲರೂ ಒತ್ತಿಕೊಂಡು ನಿಂತಿರುತ್ತಾರೆ. ಸೀಟಿನ ವಿಷಯಕ್ಕೆ ಮಾತು ಬೆಳೆಯುವುದುಂಟು, ಅಲ್ಲಿ ನುಂಗಿಕೊಂಡ ಸಿಟ್ಟು ಮನೆಯಲ್ಲಿ ಅನ್ನದ ತಟ್ಟೆಯ ಮುಂದೆ ಹೊರಬರುವುದೂ ಉಂಟು. ದಣಿದು ಬಂದವನಿಗೆ ಮನೆಯ ದೂರುಗಳನ್ನು ಬಾಗಿಲಲ್ಲೇ ಹೇಳದೆ ಊಟವಾದ ಮೇಲೆ ಹೇಳುವುದು, ದಣಿದು ಬಂದವನು ಮನೆಯಲ್ಲಿದ್ದವಳೂ ದಣಿದಿದ್ದಾಳೆಂದು ತಿಳಿಯುವುದು ಇವೆಲ್ಲ ಸಣ್ಣ ಸಂಗತಿಗಳಂತೆ ಕಾಣುತ್ತವೆ. ಮಕ್ಕಳು ಶಾಂತಿಯ ಮಾತನ್ನು ಕಲಿಯುವುದು ಮಾತ್ರ ಇಲ್ಲಿಯೇ.

ನಜ್ಜಾಶಿಯ ಮರಣದ ಸುದ್ದಿಯನ್ನು ಪ್ರವಾದಿವರ್ಯರು(ಸ) ಅದೇ ದಿನ ಮದೀನಾದಲ್ಲಿ ತಿಳಿಸಿದರು. ಜಅಫರ್(ರ) ಅಷ್ಟರಲ್ಲಿ ಮುಅತಾ ಯುದ್ಧದಲ್ಲಿ ಹುತಾತ್ಮರಾಗಿದ್ದರು. ಪ್ರವಾದಿವರ್ಯರು(ಸ) ಸಹಾಬಿಗಳನ್ನು ಕರೆದುಕೊಂಡು ನಮಾಝಿನ ಬಯಲಿಗೆ ಹೋದರು, ಅವರನ್ನು ಸಾಲಾಗಿ ನಿಲ್ಲಿಸಿದರು. ಸಮುದ್ರದಾಚೆ ಮರಣ ಹೊಂದಿದ, ಆ ಸಾಲಿನಲ್ಲಿ ನಿಂತ ಬಹುಪಾಲು ಮಂದಿ ಮುಖವನ್ನೂ ಕಾಣದ ಆ ದೊರೆಗಾಗಿ ನಾಲ್ಕು ತಕ್ಬೀರ್‌ಗಳೊಂದಿಗೆ ಜನಾಝಾ ನಮಾಝ್ ನಿರ್ವಹಿಸಿದರು.